ಮೂರು ಸಲ ಸುರಿದರೂ ತುಂಬದ ಸಿಲಿಂಡರ್: ಘನಾಕೃತಿ ಕಿಟ್ ತಗೊಂಡ ಅನುಭವ

ಮಗಳು ಈ ವರ್ಷ ಹತ್ತನೇ ಕ್ಲಾಸು. ಗಣಿತದಲ್ಲಿ ಮಿಕ್ಕಿದ್ದೆಲ್ಲ ಹೇಗೋ ನಡೆದುಹೋಗುತ್ತೆ, ಘನಫಲದ ಪಾಠ ಬಂದರೆ ಮಾತ್ರ ಮುಖ ಸಪ್ಪಗಾಗುತ್ತೆ. ಸೂತ್ರಗಳು ಬಾಯಿಪಾಠ ಇವೆ. ಶಂಕು ಅಂದರೆ ಮೂರನೇ ಒಂದು ಪೈ ಆರ್ ಸ್ಕ್ವೇರ್ ಎಚ್ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಾಳೆ. ಆ ಮೂರನೇ ಒಂದು ಎಲ್ಲಿಂದ ಬಂತು ಪುಟ್ಟಿ ಅಂದರೆ, "ಬುಕ್ಕಲ್ಲಿದೆ ಅಮ್ಮ" ಅಷ್ಟೇ.

ಹಾಗಾಗಿ ಹೋದ ತಿಂಗಳು ಮೈಸೂರು ಪೇಟೆಗೆ ಹೋಗಿದ್ದಾಗ, ಶಾಲೆಗಳಿಗೆ ಚಾರ್ಟು, ಗ್ಲೋಬು, ಲ್ಯಾಬ್ ಸಾಮಾನು ಮಾರುವ ಅಂಗಡಿಯೊಂದಕ್ಕೆ ನುಗ್ಗಿ ಘನಾಕೃತಿಗಳ ಕಿಟ್ ತಂದೆ. ಪಾರದರ್ಶಕ ಪ್ಲಾಸ್ಟಿಕ್, ಒಳಗೆ ಟೊಳ್ಳು, ತಳಕ್ಕೆ ತೆಗೆದು ಹಾಕುವ ಮುಚ್ಚಳ. ಡಬ್ಬದ ಮೇಲೆ 950 ರೂಪಾಯಿ ಅಂತಿತ್ತು, 780ಕ್ಕೆ ಕೊಟ್ಟರು. ಅಂಗಡಿ ಹೆಸರು, ಕಂಪನಿ ಹೆಸರು ಕೇಳಬೇಡಿ. ಇಂಥ ಕಿಟ್ ನಾಲ್ಕೈದು ಹೆಸರಲ್ಲಿ ಸಿಗುತ್ತೆ, ನೋಡೋಕೆ ಎಲ್ಲ ಒಂದೇ ಥರ. ನಾನು ಹೇಳೋದು ತಗೊಳ್ಳೋಕೆ ಮುಂಚೆ ಏನು ನೋಡಬೇಕು ಅನ್ನೋದನ್ನ.

ಒಳಗೆ ಎಂಟು ಆಕೃತಿ ಇದ್ದವು. ಘನ, ಆಯತ ಘನ, ಸಿಲಿಂಡರ್, ಶಂಕು, ಗೋಳ, ಅರ್ಧಗೋಳ, ಚೌಕ ತಳದ ಪಿರಮಿಡ್, ತ್ರಿಕೋನ ಪಟ್ಟಕ. ಪ್ಲಾಸ್ಟಿಕ್ ಗಟ್ಟಿ ಇದೆ. ನಮ್ಮ ಮನೆ ಮೊಸಾಯಿಕ್ ನೆಲಕ್ಕೆ ಎರಡು ಸಲ ಬಿತ್ತು, ಬಿರುಕು ಬಿಡಲಿಲ್ಲ. ಮೂಲೆಗಳು ಚೂಪಾಗಿಲ್ಲ. ನೋಡೋಕಂತೂ ಚೆನ್ನಾಗಿದೆ, ಟೀವಿ ಪಕ್ಕ ಜೋಡಿಸಿಟ್ಟರೆ ಬಂದವರೆಲ್ಲ ಕೈಗೆತ್ತಿಕೊಂಡು ನೋಡ್ತಾರೆ. ಹೊಗಳೋದು ಇಲ್ಲಿಗೆ ಮುಗೀತು ಅಂದುಕೊಳ್ಳಬೇಡಿ, ಇನ್ನೂ ಇದೆ. ಆದರೆ ಮೊದಲು ಜಗಳ.

ಜೊತೆಗೊಂದು ಕಾರ್ಡು ಕೊಟ್ಟಿದ್ದಾರೆ. ಒಂದಕ್ಷರ ಕನ್ನಡ ಇಲ್ಲ. ಸರ್ಕಾರಿ ಶಾಲೆಯ ಕನ್ನಡ ಮೀಡಿಯಂ ಮಕ್ಕಳಿಗೆ ಇದನ್ನ ಹೇಗೆ ಕೊಡೋದು? ಅದಾದರೂ ಹೋಗಲಿ. ಪಿರಮಿಡ್ ಎದುರಿಗೆ ಉದ್ದ, ಅಗಲ, ಎತ್ತರ ಗುಣಿಸಿ ಅಂತ ಅಚ್ಚಾಗಿದೆ. ಮೂರರಿಂದ ಭಾಗಿಸೋದೇ ಇಲ್ಲ! ಇದನ್ನ ಹಿಡಿದಿದ್ದು ನಾನಲ್ಲ, ಮಗಳು. "ಅಮ್ಮ, ಘನಕ್ಕೂ ಸಾವಿರ, ಪಿರಮಿಡ್ಡಿಗೂ ಸಾವಿರ ಅಂತಿದೆ. ಪಿರಮಿಡ್ಡು ಘನದೊಳಗೆ ಆರಾಮಾಗಿ ಕೂರುತ್ತಲ್ಲ, ಸುತ್ತ ಜಾಗಾನೂ ಉಳಿಯುತ್ತಲ್ಲ" ಅಂದಳು. ಮೂರು ವರ್ಷದಿಂದ ಸೂತ್ರ ಉರು ಹೊಡೀತಿದ್ದವಳು ಮೊದಲ ಸಲ ಸೂತ್ರದ ಜೊತೆ ವಾದಕ್ಕಿಳಿದಳು. ಆ ತಪ್ಪಿಗೇ ನೂರು ರೂಪಾಯಿ ಕೊಡಬಹುದು ಅನ್ನಿಸಿತು ನನಗೆ.

ಹಾಗಾದರೆ ಪಿರಮಿಡ್ಡಲ್ಲಿ ಎಷ್ಟು ಹಿಡಿಯುತ್ತೆ, ಸೂತ್ರ ಮರೆತು ಕಣ್ಣಳತೆಯಲ್ಲಿ ಹೇಳು ಅಂದೆ. "ಅರ್ಧ" ಅಂದಳು. ಶಂಕುವಿಗೂ ಅರ್ಧವೇ ಅಂದಳು. ಆಯತದೊಳಗೆ ತ್ರಿಕೋನ ಬರೆದರೆ ಅರ್ಧ ಅಲ್ವಾ, ಹಾಗೇ ಸಿಲಿಂಡರ್ ಒಳಗೆ ಶಂಕು ಇಟ್ಟರೂ ಅರ್ಧ ಇರಬೇಕು ಅನ್ನೋ ಲೆಕ್ಕ. ನಾನು ನಗಲಿಲ್ಲ. ಯಾಕಂದರೆ ಕ್ರಿ.ಶ. 499ರ ಸುಮಾರಿಗೆ ಆರ್ಯಭಟನೂ ತ್ರಿಕೋನ ತಳದ ಪಿರಮಿಡ್ಡಿಗೆ ಪಾದದ ವಿಸ್ತೀರ್ಣವನ್ನ ಎತ್ತರದಿಂದ ಗುಣಿಸಿ ಅರ್ಧ ಮಾಡಿ ಅಂತಲೇ ಹೇಳಿದ್ದ. ಅಷ್ಟು ದೊಡ್ಡವನೇ ಎಡವಿದ ಜಾಗ ಅದು. 628ರಲ್ಲಿ ಬ್ರಹ್ಮಗುಪ್ತ ಬರೆಯುವ ಹೊತ್ತಿಗೆ ಮೂರನೇ ಒಂದು ಅಂತ ಸರಿಯಾಗಿ ಬಂದಿದೆ.

ಅವತ್ತು ನಮ್ಮ ಮಾವ ಪಾಂಡವಪುರದ ಕಡೆಯ ಹಳ್ಳಿಯಿಂದ ರಾಗಿ ತಗೊಂಡು ಬಂದಿದ್ದರು. ಸೋಫಾ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ತಾ ಇದ್ದವರು ಮೊಮ್ಮಗಳಿಗೆ, "ಅದೆಂಗವ್ವಾ ಅರ್ಧ ಆಯ್ತದೆ? ಮೇಲಕ್ಕೋದಂಗೆ ಸುತ್ತಲೂ ಸವೀತಾ ಓಯ್ತದಲ್ಲ" ಅಂದರು. ತ್ರಿಕೋನ ಎರಡು ಕಡೆಯಿಂದ ಮಾತ್ರ ಸವೆಯುತ್ತೆ, ಶಂಕು ಸುತ್ತಲೂ ಸವೆಯುತ್ತೆ. ಅದಕ್ಕೇ ಅರ್ಧಕ್ಕಿಂತ ಕಮ್ಮಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವರು ಅವರು.

ಸರಿ, ಅಳೆದೇಬಿಡೋಣ ಅಂತ ಶಂಕು ತುಂಬ ನೀರು ತುಂಬಿ ಸಿಲಿಂಡರಿಗೆ ಸುರಿದೆವು. ಒಂದು, ಎರಡು, ಮೂರು. ತುಂಬಲಿಲ್ಲ! ಮೇಲೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಖಾಲಿ. ಬಟ್ಟೆಯಲ್ಲಿ ಒರೆಸಿ ಮತ್ತೆ ಮಾಡಿದೆವು, ಅದೇ ಕಥೆ. ಮಗಳಿಗೆ ಖುಷಿಯೋ ಖುಷಿ, ಪುಸ್ತಕವೇ ತಪ್ಪು ಅಂತ. ಪುಸ್ತಕ ತಪ್ಪಲ್ಲ, ಕಿಟ್ ತಪ್ಪು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಂಥ ಕಿಟ್ ತಗೊಳ್ಳೋರಿಗೆ ಬೇಕಾಗಿರೋದೇ ಇದು.

ಕಾರ್ಡಿನಲ್ಲಿ ಎಲ್ಲದಕ್ಕೂ 10 ಸೆಂಟಿಮೀಟರ್ ಎತ್ತರ, 10 ಸೆಂಟಿಮೀಟರ್ ಅಗಲ ಅಂತ ಬರೆದಿದ್ದಾರೆ. ಅದು ಹೊರಗಿನ ಅಳತೆ. ನೀರು ಹಿಡಿಯೋದು ಒಳಗೆ ತಾನೇ? ಸ್ಕೇಲ್ ಇಳಿಬಿಟ್ಟು ಒಳಗೆ ಅಳೆದೆವು. ಸಿಲಿಂಡರ್ ಒಳಗಡೆ ಅಗಲ 9.6, ಎತ್ತರ 9.7. ಶಂಕುವಿನ ಒಳಗಡೆ ಬಾಯಿ 9.3, ಎತ್ತರ 9.2 ಅಷ್ಟೇ, ಯಾಕಂದರೆ ತುದಿಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಿ ಕೂತಿದೆ, ಬಾಯಿ ಹತ್ತಿರ ಮುಚ್ಚಳ ಕೂರೋಕೆ ಒಂದು ಅಂಚು ಬೇರೆ. ಲೆಕ್ಕ ಹಾಕಿದರೆ ಸಿಲಿಂಡರ್‌ನಲ್ಲಿ ಸುಮಾರು 702 ಮಿಲಿಲೀಟರ್ ಹಿಡಿಯುತ್ತೆ, ಶಂಕುವಿನಲ್ಲಿ 208. ಮೂರು ಸಲ ಸುರಿದರೆ 624. ಬಾಕಿ 78 ಮಿಲಿಲೀಟರು, ಅದೇ ಆ ಖಾಲಿ ಜಾಗ. ಶಂಕು ಸಿಲಿಂಡರಿನ ಮೂರನೇ ಒಂದು ಅನ್ನಬೇಕಾದರೆ ಎರಡರ ತಳವೂ ಒಂದೇ ಇರಬೇಕು, ಎತ್ತರವೂ ಒಂದೇ ಇರಬೇಕು. ಇಲ್ಲಿ ಎರಡೂ ಇಲ್ಲ.

ಮಜಾ ಇರೋದು ಮುಂದೆ. ಶಂಕುವಿಗೆ ಎತ್ತರದಲ್ಲಿ ಕಮ್ಮಿಯಾಗಿರೋದು 5 ಮಿಲಿಮೀಟರು, ಅಗಲದಲ್ಲಿ ಬರೀ 3. ಯಾವುದರಿಂದ ನಷ್ಟ ಜಾಸ್ತಿ ಅಂತ ಮಗಳನ್ನ ಕೇಳಿದೆ. ಎತ್ತರದಿಂದ ಅಂದಳು. ಲೆಕ್ಕ ಹಾಕು ಅಂದೆ. ಎತ್ತರದ 5 ಮಿಲಿಮೀಟರಿಂದ ನೂರಕ್ಕೆ 5 ಪಾಲು ಹೋಗಿದೆ, ಅಗಲದ 3 ಮಿಲಿಮೀಟರಿಂದ ನೂರಕ್ಕೆ 6 ಪಾಲು. ಎತ್ತರ ಒಂದೇ ಸಲ ಗುಣಿಸೋದು, ಅಗಲ ತಳದ ವಿಸ್ತೀರ್ಣದೊಳಗೆ ಸೇರಿಕೊಂಡು ಎರಡು ಸಲ ಬರುತ್ತೆ. ಎತ್ತರ ದುಪ್ಪಟ್ಟು ಮಾಡಿದರೆ ಘನಫಲ ದುಪ್ಪಟ್ಟು, ಅಗಲ ದುಪ್ಪಟ್ಟು ಮಾಡಿದರೆ ನಾಲ್ಕು ಪಟ್ಟು. ಆರ್ ಮೇಲೆ ಕೂತಿರೋ ಆ ಪುಟ್ಟ 2 ಯಾಕಿದೆ ಅಂತ ಅವಳಿಗೆ ಅವತ್ತು ಹೊಳೀತು. ಕಿಟ್ ಸರಿಯಾಗಿದ್ದಿದ್ದರೆ ಮೂರು ಸಲ ಸುರಿದು, ಹೂಂ ಸರಿ ಅಂತ ಎದ್ದು ಹೋಗಿರೋಳು.

ಹಾಗಂತ ತಯಾರಿಸಿದವರನ್ನ ಬಿಡೋ ಹಾಗಿಲ್ಲ. ಮುಂದಿನ ವಾರ ಅಂಗಡಿಗೆ ಹೋಗಿ ಹೇಳಿದೆ. ಕೌಂಟರಿನಲ್ಲಿದ್ದವರು ಪಾಪ ಒಳ್ಳೆಯವರು, ಇನ್ನೊಂದು ಸೆಟ್ ಬಿಚ್ಚಿ ತೋರಿಸಿದರು. ಅದರಲ್ಲೂ ಅದೇ ಕಾರ್ಡು, ಅದೇ ಶಂಕು. "ಮೇಡಂ, ಇಷ್ಟು ವರ್ಷದಲ್ಲಿ ಒಳಗೆ ನೀರು ಹಾಕಿ ನೋಡಿದೆ ಅಂದವರು ನೀವೇ ಮೊದಲು. ಎಲ್ಲ ತಗೊಂಡುಹೋಗಿ ಶೋಕೇಸಲ್ಲಿ ಇಡ್ತಾರೆ" ಅಂದರು. ನಂಗೆ ಸಿಟ್ಟು ಬರಬೇಕಿತ್ತು, ನಗು ಬಂತು. ದುಡ್ಡು ವಾಪಸ್ ಕೇಳಲಿಲ್ಲ.

ನೀರಿನ ವಿಷಯ. ನೀರು ಹಾಕಬೇಡಿ. ಮುಚ್ಚಳದ ಸಂದಿಯಲ್ಲಿ ಜಿನುಗುತ್ತೆ, ಟೇಬಲ್ ಎಲ್ಲ ಒದ್ದೆ, ಗೋಳದ ಎರಡು ಹೋಳು ಸೇರುವ ಕಡೆಯಂತೂ ಧಾರೆಯೇ. ಅಕ್ಕಿಯೂ ಬೇಡ, ಕಾಳು ಉದ್ದ ಇರೋದರಿಂದ ಶಂಕುವಿನ ತುದಿಗೆ ಸರಿಯಾಗಿ ಇಳಿಯಲ್ಲ. ರಾಗಿ ಬೆಸ್ಟ್. ಉರುಟು ಕಾಳು, ನೀರಿನ ಥರ ಹರಿಯುತ್ತೆ, ಚೆಲ್ಲಿದರೆ ಗುಡಿಸಿಕೊಳ್ಳಬಹುದು. ಒಂದೇ ಎಚ್ಚರಿಕೆ, ತುಂಬಿದ ಮೇಲೆ ಸ್ಕೇಲಿನಿಂದ ಮಟ್ಟವಾಗಿ ಸವರಬೇಕು, ಪ್ರತಿ ಸಲ. ಮಾವ ಸೇರು ಅಳೆಯುವಾಗ ಅಂಗೈಯಲ್ಲಿ ಸವರ್ತಾರಲ್ಲ, ಹಾಗೆ. ಸವರದೆ ಬಿಟ್ಟರೆ ಮೇಲೊಂದು ಪುಟ್ಟ ರಾಶಿ ನಿಲ್ಲುತ್ತೆ, ಅದೂ ಒಂದು ಶಂಕುವೇ, ಲೆಕ್ಕಕ್ಕೆ ಬಾರದ ಶಂಕು.

ರಾಶಿ ಅಂದ ತಕ್ಷಣ ಮಾವನ ಕಥೆ ಶುರುವಾಯ್ತು. "ಕಣದಲ್ಲಿ ರಾಶಿ ಸುತ್ತ ಹೆಜ್ಜೆ ಹಾಕ್ಬುಟ್ಟು ಇಷ್ಟು ಮೂಟೆ ಅಂತ ಹೇಳ್ಬುಡ್ತಿದ್ವು ಕಣವ್ವಾ. ಒಂದೆರಡು ಮೂಟೆ ಅತ್ತಗಿತ್ತ ಆಗದು, ಅಷ್ಟೆಯ." ನಮ್ಮನೆಯವರು ಇದೆಲ್ಲ ಬರೀ ಬಡಾಯಿ ಅಂದುಬಿಟ್ಟರು. ಬಡಾಯಿ ಅಲ್ಲ. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಲೀಲಾವತಿಯಲ್ಲಿ ಧಾನ್ಯದ ರಾಶಿಗೆ ಅಂತಲೇ ಒಂದು ಲೆಕ್ಕ ಇದೆ. ರಾಶಿಯ ಸುತ್ತಳತೆಯ ಆರನೇ ಒಂದು ಪಾಲು ತಗೊಳ್ಳಿ, ಅದನ್ನ ಅದರಿಂದಲೇ ಗುಣಿಸಿ, ಆಮೇಲೆ ಎತ್ತರದಿಂದ ಗುಣಿಸಿ. ಮುಗೀತು. ಪೈ ಇಲ್ಲ, ಮೂರನೇ ಒಂದು ಇಲ್ಲ. ಎಲ್ಲಿ ಹೋದವು? ಪೈಯನ್ನ ಮೂರು ಅಂತ ಇಟ್ಟುಕೊಂಡರೆ ಸುತ್ತಳತೆ ಅಂದರೆ ಆರು ತ್ರಿಜ್ಯ, ಅದರ ಆರನೇ ಒಂದು ಅಂದರೆ ತ್ರಿಜ್ಯವೇ. ಇನ್ನು ಮೂರನೇ ಒಂದು ಪಾಲಿಗೂ ಮೂರು ಅನ್ನೋ ಪೈಗೂ ಹೊಡೆದುಹೋಗುತ್ತೆ. ಉಳಿಯೋದು ತ್ರಿಜ್ಯದ ವರ್ಗ ಗುಣಿಸು ಎತ್ತರ. ಕಣದಲ್ಲಿ ನಿಂತು ಮನಸ್ಸಲ್ಲೇ ಮಾಡೋ ಲೆಕ್ಕ.

ಇನ್ನೂ ಚಂದದ ವಿಷಯ ಅಂದರೆ ಎತ್ತರ ಅಳೆಯೋಕೂ ಅವರು ದಾರಿ ಹೇಳಿದ್ದಾರೆ. ದಪ್ಪ ಕಾಳಾದರೆ ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಾದರೆ ಹನ್ನೊಂದನೇ ಒಂದು, ಮುಳ್ಳಿರುವ ಧಾನ್ಯಕ್ಕೆ ಒಂಬತ್ತನೇ ಒಂದು. ಮುಳ್ಳಿದ್ದರೆ ಒಂದಕ್ಕೊಂದು ಹಿಡಿದುಕೊಂಡು ರಾಶಿ ಸ್ವಲ್ಪ ಎತ್ತರ ನಿಲ್ಲುತ್ತೆ, ಸಣ್ಣ ಕಾಳು ಜಾರಿ ಹರಡಿಕೊಳ್ಳುತ್ತೆ. ಸುತ್ತಳತೆ 6 ಮೀಟರ್, ಎತ್ತರ 60 ಸೆಂಟಿಮೀಟರ್ ಇರೋ ರಾಶಿ ಅಂದುಕೊಳ್ಳಿ. ಭಾಸ್ಕರರ ಲೆಕ್ಕದಲ್ಲಿ 0.6 ಘನ ಮೀಟರ್ ಬರುತ್ತೆ, ಪೈ ಸರಿಯಾಗಿ ಹಾಕಿದರೆ ಸುಮಾರು 0.57. ನೂರಕ್ಕೆ ಐದು ಪಾಲು ಕೂಡ ವ್ಯತ್ಯಾಸ ಇಲ್ಲ. ನಮ್ಮ 780 ರೂಪಾಯಿ ಕಿಟ್ ನೂರಕ್ಕೆ ಹನ್ನೊಂದು ತಪ್ಪಿತ್ತು ಅನ್ನೋದು ನೆನಪಿರಲಿ. ಮಾವನಿಗೆ ಇದನ್ನ ಹೇಳಿದಾಗ ನಮ್ಮನೆಯವರ ಕಡೆ ಒಂದು ನೋಟ ನೋಡಿದರು, ಅಷ್ಟೇ, ಮಾತಾಡಲಿಲ್ಲ.

ಕಿಟ್ಟಿಗೆ ವಾಪಸ್ ಬರ್ತೀನಿ. ಶಂಕುವನ್ನ ತಲೆಕೆಳಗು ಹಿಡಿದು ಅರ್ಧ ಎತ್ತರಕ್ಕೆ ಮಾತ್ರ ತುಂಬಿ ನೋಡಿ. ಕೆಮ್ಮಿನ ಔಷಧಿ ಬಾಟಲಿಯ 10 ಮಿಲಿಲೀಟರ್ ಮುಚ್ಚಳದಲ್ಲಿ ನಾವು ಅಳೆದು ಹಾಕಿದೆವು. ಎರಡೂವರೆ ಮುಚ್ಚಳ ಹಾಕಿ ಮೇಲೆ ಚೂರೇ ಚೂರು, ಅಷ್ಟಕ್ಕೇ ಅರ್ಧ ಎತ್ತರ ಬಂದುಬಿಟ್ಟಿತು! ಪೂರ್ತಿ ಶಂಕುವಿಗೆ ಇಪ್ಪತ್ತೊಂದು ಮುಚ್ಚಳ ಬೇಕು. ಅಂದರೆ ಕೆಳಗಿನ ಅರ್ಧದಲ್ಲಿ ಇರೋದು ಎಂಟನೇ ಒಂದು ಪಾಲು, ಮಿಕ್ಕ ಏಳು ಪಾಲೂ ಮೇಲಿನ ಅರ್ಧದಲ್ಲಿ. ಎತ್ತರ ಅರ್ಧ ಆದಾಗ ಉದ್ದ, ಅಗಲ ಎರಡೂ ಅರ್ಧ ಆಗುತ್ತಲ್ಲ, ಮೂರು ಅರ್ಧ ಗುಣಿಸಿದರೆ ಎಂಟನೇ ಒಂದು. ದಸರಾ ವಸ್ತುಪ್ರದರ್ಶನದ ಹೊರಗೆ ಕಡ್ಲೆಕಾಯಿ ಮಾರೋರು ಪೇಪರ್ ಸುತ್ತಿ ಪೊಟ್ಟಣ ಮಾಡಿ ತುದಿಯನ್ನ ಉದ್ದಕ್ಕೆ ತಿರುಚಿರ್ತಾರೆ, ಅಯ್ಯೋ ಮೋಸ ಅಂತ ಚಿಕ್ಕವಳಿದ್ದಾಗ ನನಗೆ ಅನ್ನಿಸ್ತಿತ್ತು. ತುದಿ ತಿರುಚಿದರೆ ಹೋಗೋದು ನಾಲ್ಕು ಬೀಜ. ಬಾಯಿ ಹತ್ತಿರ ಒಂದು ಬೆರಳು ಕಮ್ಮಿ ತುಂಬಿದರೆ ನೋಡಿ, ಅದು ಮೋಸ.

ಗೋಳದ ಬಗ್ಗೆ ಜಾಸ್ತಿ ಹೇಳಲ್ಲ. ಗೋಳ ಸರಿಯಾಗಿ ಕೂರುವ ಸಿಲಿಂಡರಿನಲ್ಲಿ ಮೂರನೇ ಎರಡು ಪಾಲು ಗೋಳದ್ದು, ಮೂರನೇ ಒಂದು ಶಂಕುವಿನದ್ದು. ಒಂದು, ಎರಡು, ಮೂರು ಅಂತ ಶಂಕು, ಗೋಳ, ಸಿಲಿಂಡರ್. ಆರ್ಕಿಮಿಡೀಸನಿಗೆ ಈ ಲೆಕ್ಕ ಎಷ್ಟು ಹಿಡಿಸಿತ್ತು ಅಂದರೆ ಅವನ ಸಮಾಧಿ ಮೇಲೆ ಗೋಳ ಮತ್ತು ಸಿಲಿಂಡರ್ ಕೆತ್ತಿದ್ದರು, ಅದನ್ನ ನೋಡಿಯೇ ರೋಮಿನ ರಾಜಕಾರಣಿ ಸಿಸೆರೊ ಮುಂದೆ ಆ ಸಮಾಧಿಯನ್ನ ಗುರುತು ಹಿಡಿದ. ಈ ಕಿಟ್ಟಿನ ಗೋಳದಲ್ಲಿ ಅದು ಸರಿಯಾಗಿ ಬರಲ್ಲ, ಕಾರಣ ಅದೇ ಗೋಡೆ ದಪ್ಪ.

ಕಿಟ್ಟಿನಲ್ಲಿ ಇರಬೇಕಿತ್ತು, ಇಲ್ಲ ಅನ್ನೋದು ಎರಡು. ಒಂದು, ಓರೆಯಾಗಿ ವಾಲಿರೋ ಆಕೃತಿ. ಎಲ್ಲವೂ ನೆಟ್ಟಗೆ ನಿಂತಿರೋದರಿಂದ ಮಕ್ಕಳು ಎತ್ತರ ಅಂದರೆ ಪಕ್ಕದ ಅಂಚಿನ ಉದ್ದ ಅಂದುಕೊಂಡುಬಿಡ್ತಾರೆ. ಓರೆ ಎತ್ತರ, ಎತ್ತರ ಎರಡನ್ನೂ ಬೆರೆಸಿ ಪರೀಕ್ಷೆಯಲ್ಲಿ ಅಂಕ ಕಳಕೊಳ್ಳೋದು ಇಲ್ಲೇ. ಮಾವ ಜೇಬಿಂದ ಇಸ್ಪೀಟು ಕಟ್ಟು ತೆಗೆದರು. (ಜೇಬಲ್ಲಿ ಯಾಕಿತ್ತು ಅಂತ ಅತ್ತೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.) ಟೇಬಲ್ ಮೇಲೆ ನೆಟ್ಟಗಿಟ್ಟು ಪಕ್ಕದಿಂದ ಮೆಲ್ಲಗೆ ತಳ್ಳಿ ಓರೆ ಮಾಡಿದೆ. ಪಕ್ಕದ ಅಂಚು ಉದ್ದ ಆಯ್ತು. ಎಲೆ ಐವತ್ತೆರಡೇ, ಟೇಬಲ್ಲಿಂದ ಮೇಲಕ್ಕೆ ಅಳೆದರೆ ಎತ್ತರ ಅಷ್ಟೇ, ಹಾಗಾಗಿ ಘನಫಲವೂ ಅಷ್ಟೇ. ಲೆಕ್ಕಕ್ಕೆ ಬೇಕಾದ್ದು ತಳದಿಂದ ನೇರ ಮೇಲಕ್ಕೆ ಇರೋ ಎತ್ತರ.

ಎರಡನೇದು, ಯಾಕೆ ಮೂರನೇ ಒಂದೇ, ನಾಲ್ಕನೇ ಒಂದು ಯಾಕಲ್ಲ ಅಂತ ತೋರಿಸೋ ತುಂಡುಗಳು. ಸುರಿದು ನೋಡಿದರೆ ಹೌದು ಅನ್ನೋದು ಗೊತ್ತಾಗುತ್ತೆ, ಯಾಕೆ ಅನ್ನೋದು ಗೊತ್ತಾಗಲ್ಲ. ಅದನ್ನ ನಾವೇ ಡ್ರಾಯಿಂಗ್ ಶೀಟಲ್ಲಿ ಮಾಡಿಕೊಂಡೆವು. 6 ಸೆಂಟಿಮೀಟರ್ ಚೌಕ ತಳ, ತುದಿ ನಡುವೆ ಅಲ್ಲ, ಒಂದು ಮೂಲೆಯ ನೇರ ಮೇಲೆ 6 ಸೆಂಟಿಮೀಟರ್ ಎತ್ತರದಲ್ಲಿ. ಹೀಗೆ ಮಾಡಿದಾಗ ಪಕ್ಕದ ಅಂಚುಗಳು 6, 8.5, 8.5, 10.4 ಬರುತ್ತವೆ. ಇಂಥವು ಮೂರು ಮಾಡಿ, ತುದಿಗಳನ್ನ ಒಂದೇ ಕಡೆ ಸೇರಿಸಿ ತಿರುಗಿಸಿದರೆ ಮೂರೂ ಕೂಡಿ ಒಂದು ಘನ! ಮೊದಲನೇ ಸಲ ಗೋಂದು ಅಂಟದೆ ಬಿಚ್ಚಿಕೊಂಡಿತು, ಸೆಲ್ಲೋಟೇಪ್ ಹಾಕಿದೆವು. ಒಂದೇ ಥರದ ಮೂರು ತುಂಡು ಸೇರಿ ಪೂರ್ತಿ ಘನ ಆಗುತ್ತೆ ಅಂದ ಮೇಲೆ ಒಂದೊಂದೂ ಮೂರನೇ ಒಂದಲ್ಲದೆ ಇನ್ನೇನಾಗೋಕೆ ಸಾಧ್ಯ? ಇದನ್ನ ಪ್ಲಾಸ್ಟಿಕ್ಕಲ್ಲಿ ಮಾಡಿ ಡಬ್ಬದಲ್ಲಿ ಹಾಕಿದ್ದರೆ ನಾನು ಸಾವಿರ ರೂಪಾಯಿ ಕೊಡೋಕೂ ತಯಾರಿದ್ದೆ. ತುದಿಯನ್ನ ನಡುವಿಗೆ ಸರಿಸಿದರೂ ಘನಫಲ ಬದಲಾಗಲ್ಲ, ಇಸ್ಪೀಟು ಎಲೆ ಸರಿಸಿದ ಹಾಗೇ ಅದು. ಅಲ್ಲಿಂದ ಎಲ್ಲ ಪಿರಮಿಡ್ಡಿಗೂ, ಆಮೇಲೆ ಶಂಕುವಿಗೂ ಹೋಗಬಹುದು.

ಇದೆಲ್ಲ ಪರೀಕ್ಷೆ ಮುಗಿದ ಮೇಲೆ ಯಾವ ಕೆಲಸಕ್ಕೆ ಅಂತ ಕೇಳೋರಿಗೆ, ನಮ್ಮ ಮನೆ ಸಂಪ್ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ತಳ 3 ಚದರ ಮೀಟರ್, ಅಂದರೆ ಒಂದು ಸೆಂಟಿಮೀಟರ್ ನೀರು ಅಂದರೆ 30 ಲೀಟರು. ಈಗ ಮಗಳು ಕೋಲು ಇಳಿಬಿಟ್ಟು ನೋಡಿ ಇಷ್ಟು ಬಕೆಟ್ ಇದೆ ಅಂತ ಹೇಳ್ತಾಳೆ, ನಲ್ಲಿ ಬರದ ದಿನ ಯಾರು ಸ್ನಾನ ಮಾಡಬೇಕು ಯಾರು ಬಿಡಬೇಕು ಅನ್ನೋ ತೀರ್ಮಾನವೂ ಅವಳದ್ದೇ ಆಗಿದೆ.

ಐದಕ್ಕೆ ಮೂರು ಕೊಡ್ತೀನಿ. ಗಟ್ಟಿತನಕ್ಕೆ ಪೂರ್ತಿ, ಕಾರ್ಡಿಗೆ ಸೊನ್ನೆ, ಅಳತೆಗೆ ಬೈಗುಳ. ಮನೆಗೆ ತಗೊಳ್ಳೋದಾದರೆ ತಗೊಳ್ಳಿ, ಆದರೆ ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ ಶಂಕುವಿನೊಳಗೆ ಒಂದು ಸ್ಕೇಲ್ ಇಳಿಬಿಟ್ಟು ನೋಡಿ. ಶಾಲೆಗೆ ಹತ್ತಿಪ್ಪತ್ತು ಸೆಟ್ ತರಿಸೋ ಮೇಷ್ಟ್ರುಗಳು ದಯವಿಟ್ಟು ಮೊದಲು ಒಂದು ಸೆಟ್ ತರಿಸಿ ರಾಗಿ ಸುರಿದು ನೋಡಿ.

ಮಗಳಿಗೆ ಆ ಒಂದು ಸೆಂಟಿಮೀಟರ್ ಖಾಲಿ ಜಾಗ ಸಹಿಸೋಕೆ ಆಗಲಿಲ್ಲ. ಶಂಕುವಿನ ಒಳ ಅಳತೆಗೆ ಸರಿಯಾಗಿ ಡ್ರಾಯಿಂಗ್ ಶೀಟಲ್ಲೇ ಒಂದು ಸಿಲಿಂಡರ್ ಮಾಡಿದಳು. 9.2 ಅಗಲದ ಪಟ್ಟಿ, 29.2 ಉದ್ದ, ಅಂಟಿಸೋಕೆ ಒಂದು ಸೆಂಟಿಮೀಟರ್ ಬೇರೆ. ರಾಗಿ ಸುರಿದೆವು. ಮೂರನೇ ಸಲ ಸವರಿದಾಗ ಅಂಚಿಗೆ ಸಮ ಬಂತು, ಎರಡೋ ಮೂರೋ ಕಾಳು ಉರುಳಿ ಬಿತ್ತು. ಈಗ ಆ ಶಂಕುವೂ ಇಲ್ಲ, ಸಿಲಿಂಡರೂ ಇಲ್ಲ. ಮಾವ ಊರಿಗೆ ಹೋಗುವಾಗ ಎರಡನ್ನೂ ಚೀಲಕ್ಕೆ ಹಾಕಿಕೊಂಡರು. ಎಷ್ಟು ಸಲ ಉಯ್ದರೆ ತುಂಬ್ತದೆ ಅಂತ ಅರಳಿಕಟ್ಟೆಯಲ್ಲಿ ಪಂದ್ಯ ಕಟ್ಟುತ್ತಾರಂತೆ. ಮೊನ್ನೆ ಫೋನ್ ಮಾಡಿದ್ದರು. ಇಲ್ಲಿಯವರೆಗೆ ಎಲ್ಲರೂ ಎರಡು ಅಂದಿದ್ದಾರಂತೆ, ಮಾವ ಆರು ಟೀ ಗೆದ್ದಿದ್ದಾರೆ.